ಕೇಪಿನ ಕೋವಿ, ಕಡವೆ ಮತ್ತು ಕಾನೂನು: ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಬೇಟೆ ನಿಯಮಗಳ ಚರಿತ್ರೆ

ಸ್ವಂತ ಜಮೀನಿಗೆ ಇಳಿದ ಕಡವೆಯನ್ನು ಯಾವ ಕೋವಿಯಿಂದ, ಯಾವ ತೋಟಾದಿಂದ ಬೇಟೆಯಾಡಬಹುದು? ಇಂದು ಇದಕ್ಕೆ ಕಾನೂನು ಕೊಡುವ ಉತ್ತರ ಒಂದೇ: ಯಾವುದರಿಂದಲೂ ಇಲ್ಲ. 1991ರ ಅಕ್ಟೋಬರ್ 2ಕ್ಕೆ ಮುಂಚೆ ಮಾತ್ರ ಬೇರೊಂದು ಉತ್ತರ ಜಾರಿಯಲ್ಲಿತ್ತು. ಆ ಉತ್ತರ ಸಾಗರ, ಹೊಸನಗರ, ತೀರ್ಥಹಳ್ಳಿಯ ಬೆಳೆಗಾರರ ಕೈಯಲ್ಲಿದ್ದ ಕೋವಿಗೆ ಹೊಂದುತ್ತಲೇ ಇರಲಿಲ್ಲ ಎಂಬುದು ಈ ಲೇಖನದ ವಾದ.

ಈ ಸೀಮೆಗೆ ಮದ್ದುಗುಂಡು ಹೊಸದಲ್ಲ. 1763ರಲ್ಲಿ ಹೈದರ್ ಅಲಿ ವಶಪಡಿಸಿಕೊಂಡ ಬಿದನೂರು ಇಂದು ಹೊಸನಗರ ತಾಲ್ಲೂಕಿನ ನಗರ. 2018ರಲ್ಲಿ ಅಲ್ಲಿನ ಹಾಳುಬಾವಿಯೊಂದರಲ್ಲಿ ಕಬ್ಬಿಣದ ಕವಚದ ರಾಕೆಟ್‌ಗಳು ಸಾವಿರಕ್ಕೂ ಹೆಚ್ಚು ಸಿಕ್ಕವು. ಆದರೆ ಮನೆಯ ಜಗಲಿಯ ಗೋಡೆಗೆ ತೂಗಿದ ಕೋವಿಯ ಕಥೆಯೇ ಬೇರೆ. ಅದು ಯುದ್ಧದ ಆಯುಧವಲ್ಲ, ಗದ್ದೆ-ತೋಟಗಳ ಕಾವಲಿನದು. ಕುವೆಂಪು ಅವರ 'ಮಲೆನಾಡಿನ ಚಿತ್ರಗಳು' (1933), 'ಕಾನೂರು ಹೆಗ್ಗಡಿತಿ' (1936) ಕೃತಿಗಳಲ್ಲಿ ತೀರ್ಥಹಳ್ಳಿ ಕಡೆಯ ಬೇಟೆಯ ಬದುಕು ದಾಖಲಾಗಿದೆ. ಸಾಹಿತ್ಯವೆಂದು ಬದಿಗಿಡದೆ ಇವನ್ನು ಚರಿತ್ರೆಯ ಆಕರಗಳಾಗಿಯೂ ಓದಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ಕೇಪಿನ ಕೋವಿಗೆ ತೋಟಾ ಇಲ್ಲ. ನಳಿಗೆಯ ಬಾಯಿಂದಲೇ ಮಸಿ (ಮದ್ದು) ಸುರಿದು, ಕತ್ತ (ತೆಂಗಿನ ನಾರು) ತುರುಕಿ, ಗಜದ ಸಲಾಕೆಯಿಂದ ಜಡಿಯಬೇಕು. ಆಮೇಲೆ ಹಕ್ಕಿಗಾದರೆ ಚರೆ, ಹಂದಿಗೋ ಕಡವೆಗೋ ಆದರೆ ಗುಂಡು ಹಾಕಿ, ಅದು ಉರುಳಿ ಬೀಳದಂತೆ ಮತ್ತೆ ಕತ್ತ ಜಡಿಯಬೇಕು. ಕೊನೆಗೆ ಕೋವಿಯ ಕುದುರೆ ಎತ್ತಿ, ಕಿಡಿ ಕೊಡುವ ಕೇಪು ಕೂರಿಸಬೇಕು. ಮಳೆಗಾಲದಲ್ಲಿ ಮಸಿ ಥಂಡಿ ಹಿಡಿದರೆ ಈಡು ಹಾರುವುದೇ ಇಲ್ಲ. ನಳಿಗೆಯ ಒಳಮೈ ನುಣುಪಾಗಿರುವುದರಿಂದ ಗುಂಡು ತಿರುಗದೆ ಹೊರಡುತ್ತದೆ, ದೂರ ಹೋದಷ್ಟೂ ಗುರಿ ತಪ್ಪುತ್ತದೆ. ರೈಫಲ್ಲಿನ ನಳಿಗೆಯಲ್ಲಿ ಸುರುಳಿ ಗೀರುಗಳಿದ್ದು, ಅವು ಗುಂಡನ್ನು ಬುಗುರಿಯಂತೆ ತಿರುಗಿಸಿ ನೇರಕ್ಕೆ ಕಳಿಸುತ್ತವೆ. ತೋಟಾ ಕೋವಿಯಲ್ಲಿ ತುಂಬುವ ಕಷ್ಟ ತಪ್ಪಿತು, ನಳಿಗೆಯ ಗುಣ ಬದಲಾಗಲಿಲ್ಲ. ಅದರ 12 ಬೋರ್ ಎಂಬ ಅಳತೆಯ ಲೆಕ್ಕ ಇಷ್ಟು: ನಳಿಗೆಗೆ ಸರಿಹೊಂದುವ ಸೀಸದ ಗುಂಡುಗಳು 12 ಕೂಡಿದರೆ ಒಂದು ಪೌಂಡು.

ಮೈಸೂರು ಸಂಸ್ಥಾನ 1901ರಲ್ಲಿಯೇ ಬೇಟೆಯ ಪ್ರಾಣಿ ಮತ್ತು ಮೀನುಗಳ ರಕ್ಷಣೆಗೆ ರೆಗ್ಯುಲೇಷನ್ ತಂದಿತು. ಅತ್ತ ಬ್ರಿಟಿಷ್ ಸರ್ಕಾರ 20ನೇ ಶತಮಾನದ ಮೊದಲ ದಶಕದಲ್ಲಿ ಸೈನ್ಯದ .303 ತೋಟಾ ಖಾಸಗಿಯವರ ಕೈಗೆ ಸಿಗದಂತೆ ನಿರ್ಬಂಧಿಸಿತು. ಆಳುವವರ ಕಾಳಜಿ ಮಿಗ ನೋವಿಲ್ಲದೆ ಸಾಯಬೇಕೆಂಬುದಲ್ಲ. ದಂಗೆಕೋರನಿಗೆ ಸಿಪಾಯಿಯ ತೋಟಾ ದಕ್ಕಬಾರದೆಂಬುದು. ಸ್ವತಂತ್ರ ಭಾರತದಲ್ಲೂ .303 ನಿಷೇಧಿತ ಬೋರ್ ಆಗಿಯೇ ಉಳಿಯಿತು. ಪರವಾನಗಿದಾರರಿಗಾಗಿ ಇಶಾಪುರದ ಸರ್ಕಾರಿ ಕಾರ್ಖಾನೆ .315 ರೈಫಲ್ ತಯಾರಿಸಿತು.

ಮುಖ್ಯವಾದ ತೊಡಕು ಮುಂದೆ ಬಂದದ್ದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಬೆಳೆ ರಕ್ಷಣೆಗೆ ಸಿಗುವುದು ಕೇಪಿನ ಕೋವಿಯಂಥ, ಬಾಯಿಂದ ಮದ್ದು ತುಂಬುವ ಕೋವಿ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ 20 ಇಂಚಿಗೆ ಕಡಿಮೆಯಿಲ್ಲದ ನುಣುಪು ನಳಿಗೆಯ ಬೇರೆ ಕೋವಿ ಕೊಡಬಹುದು. ಆ ಮಾತಿನಲ್ಲಿ ರೈಫಲ್ಲಿನ ಹೆಸರೇ ಇಲ್ಲ. ಇತ್ತ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಡವೆ, ಜಿಂಕೆಗಳನ್ನು ದೊಡ್ಡ ಬೇಟೆಯ ಅನುಸೂಚಿಗೆ ಸೇರಿಸಿ, ಅವನ್ನು ರೈಫಲ್ಲಿನಿಂದ ಮಾತ್ರ ಹೊಡೆಯಬೇಕೆಂದು 17ನೇ ಸೆಕ್ಷನ್‌ನಲ್ಲಿ ವಿಧಿಸಿತು. ಲೈಸೆನ್ಸಿನಲ್ಲಿ ವಿಶೇಷ ಅನುಮತಿ ಇದ್ದರೆ ಒಂಟಿ ಗುಂಡಿನ ತೋಟಾ ಹಾಕಿದ ಶಾಟ್‌ಗನ್ ಬಳಸಬಹುದಿತ್ತು. ಹಲವು ಚರೆಗಳ ತೋಟಾಕ್ಕೆ ಅವಕಾಶವಿರಲಿಲ್ಲ. ಸರ್ಕಾರದ್ದಲ್ಲದ ಜಮೀನಿನಲ್ಲಿ ಬೇಟೆಯಾಡಲು ಮಾಲೀಕನ ಅಥವಾ ಅನುಭೋಗದಾರನ ಒಪ್ಪಿಗೆ ಬೇಕಿತ್ತು. ಎಳೆಯ ಮರಿ, ಹೆಣ್ಣು, ಇನ್ನೂ ತೊಗಲು ಕಳಚದ ಎಳೆಗೊಂಬಿನ ಮಿಗ ಇವುಗಳಿಗೆ 15ನೇ ಸೆಕ್ಷನ್ ರಕ್ಷಣೆ ಕೊಟ್ಟಿತ್ತು.

ಅದೇ 17ನೇ ಸೆಕ್ಷನ್ನಿನ ಉಳಿದ ಮಾತುಗಳನ್ನು ಮಲೆನಾಡಿನ ಬೇಟೆಯ ಪಕ್ಕದಲ್ಲಿಟ್ಟು ನೋಡಬೇಕು. ಹಣ್ಣುದುರುವ ಮರದ ಬಳಿ ಕತ್ತಲಲ್ಲಿ ಮರಸು ಕೂರುವುದು ಇಲ್ಲಿನ ರೂಢಿಯಾಗಿತ್ತು. ಕಾಯ್ದೆ ಸೂರ್ಯಾಸ್ತದಿಂದ ಸೂರ್ಯೋದಯದವರೆಗಿನ ಬೇಟೆಯನ್ನೂ ವಿಶೇಷ ಅನುಮತಿಯಿಲ್ಲದೆ ಬ್ಯಾಟರಿ ಬೆಳಕು ಬಳಸುವುದನ್ನೂ ನಿಷೇಧಿಸಿತು. ಬಿಲ್ಲಿಗೆ (ಮಿಗ ಹಾಯುವ ಜಾಗಕ್ಕೆ) ಕೋವಿಯವರನ್ನು ನಿಲ್ಲಿಸಿ, ನಾಯಿ ಬಿಟ್ಟು ಹಳು ಸೋವಿ ಮಿಗ ಎಬ್ಬಿಸುವುದು ಇನ್ನೊಂದು ರೂಢಿಯಾಗಿತ್ತು. ಕೆಲವು ಹಕ್ಕಿಗಳ ಬೇಟೆಯ ಹೊರತು ನಾಯಿಗಳ ನೆರವಿಗೂ ತಡೆ ಬಿತ್ತು. ಉರುಳು, ಗುಂಡಿ, ವಿಷ ಸಲ್ಲುತ್ತಿರಲಿಲ್ಲ. ನೀರಿನ ಗುಂಡಿಯ ಬಳಿ, ಉಪ್ಪುಮಣ್ಣಿನ ಬಳಿ ಹೊಂಚುವುದೂ ಸಲ್ಲುತ್ತಿರಲಿಲ್ಲ. ಲೈಸೆನ್ಸ್ ಪಡೆದು, ರೈಫಲ್ ಹಿಡಿದು, ಹಗಲಲ್ಲಿ ಬರುವ ಪಟ್ಟಣದ ಶಿಕಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಕಾನೂನು ಇದು. ಕುಂಸಿ ಬಳಿಯ ಚೋರಡಿಯ ಹುಲಿಯ ಕಥೆ ಬರೆದ ಕೆನೆತ್ ಆಂಡರ್ಸನ್ .405 ವಿಂಚೆಸ್ಟರ್ ಹಿಡಿಯುತ್ತಿದ್ದವರು. ಅಂಥವರಿಗೆ ರೈಫಲ್ಲಿನ ನಿಯಮ ಭಾರವಲ್ಲ. ಬೆಳೆ ರಕ್ಷಣೆಯ ಕೋವಿಯವನಿಗೆ ಬೇಟೆ ಕಾನೂನುಬದ್ಧವಾಗಿದ್ದ ಕಾಲದಲ್ಲೂ ಕಡವೆಯ ಬೇಟೆಗಾರನಾಗುವ ದಾರಿ ಬಹುಪಾಲು ಮುಚ್ಚಿತ್ತು.

ಹಾಗೆಂದು ನಿಯಮದ ಹಿಂದಿನ ವಿವೇಕವನ್ನು ಅಲ್ಲಗಳೆಯಲಾಗದು. ಚರೆ ಬಿದ್ದ ಕಡವೆ ಹಳುವಿನೊಳಗೆ ನುಗ್ಗಿ, ದಿನಗಟ್ಟಲೆ ನರಳಿ ಸಾಯುವುದು ಕೋವಿ ಬಲ್ಲವರಿಗೆಲ್ಲ ಗೊತ್ತು. ಇಂಗ್ಲೆಂಡಿನ 1991ರ ಜಿಂಕೆ ಕಾಯ್ದೆ ಇದನ್ನೇ ಅಂಕಿಗಳಲ್ಲಿ ಹೇಳುತ್ತದೆ: ಸಾಮಾನ್ಯವಾಗಿ ರೈಫಲ್ಲಿನ ಬೋರ್ .240 ಇಂಚಿಗೆ ಕಡಿಮೆಯಿರಬಾರದು, ನಳಿಗೆಯ ಬಾಯಲ್ಲಿ ಗುಂಡಿನ ಶಕ್ತಿ 1,700 ಅಡಿ-ಪೌಂಡಿಗೆ ಇಳಿಯಬಾರದು, ಗುಂಡಿನ ಮೂತಿ ಮೆತ್ತಗೋ ಟೊಳ್ಳಾಗಿಯೋ ಇರಬೇಕು. ಜೊತೆಗೆ ಬೆಳೆ ಹಾಳಾಗುತ್ತಿರುವ ರೈತನಿಗೆ ಕೆಲವು ಷರತ್ತುಗಳ ಮೇಲೆ 12 ಬೋರ್ ಬಳಸುವ ವಿನಾಯಿತಿಯನ್ನೂ ಅದು ಇಟ್ಟಿದೆ. ನಮ್ಮ ಕಾಯ್ದೆ ರೈಫಲ್ ಎಂದಿತೇ ಹೊರತು ಗುಂಡಿನ ತೂಕ, ಶಕ್ತಿಗಳ ಗೋಜಿಗೆ ಹೋಗಲಿಲ್ಲ.

1991ರ ತಿದ್ದುಪಡಿ 17ನೇ ಸೆಕ್ಷನ್ನನ್ನೇ ಕಿತ್ತುಹಾಕಿತು. ಬೇಟೆಯ ಲೈಸೆನ್ಸ್‌ಗಳೊಂದಿಗೆ ಯಾವ ತೋಟಾ ಎಂಬ ಪ್ರಶ್ನೆಯೂ ಕೊನೆಗೊಂಡಿತು. ಕಾಡು ಸವೆದು ಮಿಗಗಳು ವಿರಳವಾಗಿದ್ದ ಹೊತ್ತಿನಲ್ಲಿ ಅದು ಸರಿಯಾದ ತೀರ್ಮಾನವೇ. ಉಳಿದದ್ದು 11ನೇ ಸೆಕ್ಷನ್: ಜೀವಕ್ಕೆ, ಆಸ್ತಿಗೆ, ನಿಂತ ಬೆಳೆಗೆ ಅಪಾಯವಾದಾಗ ಕೆಲವು ಪ್ರಾಣಿಗಳ ವಿಷಯದಲ್ಲಿ ಅಧಿಕಾರಿ ಲಿಖಿತ ಅನುಮತಿ ಕೊಡಬಹುದು. ಆತ್ಮರಕ್ಷಣೆಗಾಗಿ ಕೊಂದ ಪ್ರಾಣಿಯೂ ಸರ್ಕಾರದ ಸ್ವತ್ತು. ಜಮೀನು ಯಾರದ್ದೆಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಸ್ವಂತ ಜಮೀನಿನ ಗಡಿಯೂ ಸ್ಪಷ್ಟವಲ್ಲ: ತೋಟಕ್ಕೆ ತಾಗಿದ ಸೊಪ್ಪಿನ ಬೆಟ್ಟದಲ್ಲಿ ಬೆಳೆಗಾರನಿಗೆ ಸೊಪ್ಪು, ದರಕಿನ ಸೌಲಭ್ಯವಿದ್ದರೂ ನೆಲ ಸರ್ಕಾರದ್ದು. ಹಾಗಾಗಿ ಸ್ವಂತ ಜಮೀನು ಎಲ್ಲಿ ಮುಗಿಯುತ್ತದೆ ಎಂಬುದೇ ಈ ಮೂರು ತಾಲ್ಲೂಕುಗಳಲ್ಲಿ ಜಗಳದ ವಿಷಯ.

ಕೋವಿಯ ಮೇಲಿನ ಹಿಡಿತ ಮಾತ್ರ ಬಿಗಿಯಾಗುತ್ತಲೇ ಹೋಯಿತು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದ್ದು, ಅದು 2029ರವರೆಗೆ ವಿಸ್ತರಣೆಗೊಂಡಿದೆ. ಶಿವಮೊಗ್ಗ ಜಿಲ್ಲೆಯ ಬೆಳೆಗಾರರಿಗೆ ಅಂಥ ವಿನಾಯಿತಿ ಇಲ್ಲ. ಶರಾವತಿ ಕಣಿವೆ, ಶೆಟ್ಟಿಹಳ್ಳಿ, ಮೂಕಾಂಬಿಕಾ, ಸೋಮೇಶ್ವರ ಅಭಯಾರಣ್ಯಗಳು ಈ ಸೀಮೆಯನ್ನು ಸುತ್ತುವರಿದಿವೆ. ವನ್ಯಜೀವಿ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ಹೊಸ ಕೋವಿ ಪರವಾನಗಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. 2022ರ ತಿದ್ದುಪಡಿ ನವೀಕರಣವನ್ನೂ ಅವರ ಗಮನಕ್ಕೆ ತರಬೇಕೆಂದು ಸೇರಿಸಿತು. ಅಜ್ಜನ ಕಾಲದ ಕೇಪಿನ ಕೋವಿಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಹೊರಟ ಮೊಮ್ಮಗನ ಅರ್ಜಿ ಈಗ ಪೊಲೀಸ್, ಕಂದಾಯ, ಅರಣ್ಯ ಈ ಮೂರೂ ಇಲಾಖೆಗಳ ಕಣ್ಣಿಗೆ ಬೀಳುತ್ತದೆ.