ನೆಲ ಕಾಯ್ದವರು

ಸಂಪಗಾಂವ ಸೀಮೆಯಲ್ಲಿ ಸಂಗೊಳ್ಳಿ ರಾಯಣ್ಣನ ಹೆಸರೆತ್ತದೆ ರಾಜಕಾರಣಿಗಳ ಭಾಷಣ ಮುಗಿಯುವುದಿಲ್ಲ. ಬೈಲಹೊಂಗಲದಿಂದ ಕಿತ್ತೂರಿನ ತನಕ ಜೈಕಾರ, ಹಾರ, ಮೆರವಣಿಗೆ. ಆಗಲಿ. ಬಡವರ ಮಗನೊಬ್ಬನ ಕೊರಳಿಗೆ ಹಾರ ಬಿದ್ದರೆ ನಮಗೇನೂ ಹೊಟ್ಟೆಯುರಿಯಿಲ್ಲ. ಆದರೆ ಹಾರ ಹಾಕುವವರನ್ನ ನಾವು ಒಂದು ಮಾತು ಕೇಳ್ತೀವಿ: ರಾಯಣ್ಣ ಬಂಡೆದ್ದದ್ದು ಯಾತಕ್ಕೆ?

ನಾಡಿಗಾಗಿ, ರಾಣಿಗಾಗಿ ಅಂತ ಹೇಳ್ತಾರೆ. ಅದು ಸುಳ್ಳಲ್ಲ, ಅರ್ಧ ಮಾತು. ಕುರುಬರ ಈ ಮಗ ಶೇತಸನದಿ. ಅಂದರೆ ಊರು ಕಾಯುವ ಚಾಕರಿಗೆ ಹೊಲದ ಸನದು ಪಡೆದವನು. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕಿತ್ತೂರು ಬಿತ್ತು. ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡಳು. ಕಂಪನಿ ಸರ್ಕಾರದ ಕೈಯಲ್ಲಿ ರಾಯಣ್ಣನ ಹೊಲ ಬಹುಪಾಲು ಜಪ್ತಾಯಿತು, ಉಳಿದದ್ದರ ಮೇಲೆ ಭಾರಿ ಕಂದಾಯ ಬಿತ್ತು. ಅವನು ಮತ್ತೆ ಕತ್ತಿ ಹಿಡಿದ. ಸರ್ಕಾರಿ ಕಚೇರಿ ಸುಟ್ಟ, ಖಜಾನೆ ಲೂಟಿ ಮಾಡಿದ, ಜಮೀನ್ದಾರರಿಂದ ವಸೂಲು ಮಾಡಿ ಬಡಜನರ ಪಡೆ ಕಟ್ಟಿದ. ಹಿಡಿದುಕೊಟ್ಟವರು ನಮ್ಮವರೇ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಮುಂದೆ ಅದೇ ತಾರೀಖು ಗಣರಾಜ್ಯದ ಹಬ್ಬವಾಯಿತು.

ಚಾಕರಿ ನಮ್ಮದು, ನೆಲ ಅವರದು ಅನ್ನುವ ಈ ಲೆಕ್ಕ ಹೊಲದಲ್ಲಷ್ಟೇ ಅಲ್ಲ, ಆಟದ ಬಯಲಿನಲ್ಲೂ ನಡೆದಿದೆ. ಮಗ್ಗುಲಿನ ಧಾರವಾಡದಲ್ಲಿ ಹುಟ್ಟಿದ ಪಾಲ್ವಣಕರ ಬಾಳೂ ಚಮ್ಮಾರರ ಮನೆತನದವನು. ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ಪಿಚ್ಚಿನ ಚಾಕರಿ ಮಾಡುತ್ತ, ಸಾಹೇಬರಿಗೆ ಚೆಂಡೆಸೆಯುತ್ತ ಕ್ರಿಕೆಟ್ ಕಲಿತ. ಪುಣೆಯ ಹಿಂದೂಗಳಿಗೆ ಅವನ ಬೌಲಿಂಗ್ ಬೇಕಿತ್ತು. ಚಹಾ ಮಾತ್ರ ಹೊರಗೆ, ಬೇರೆ ಮಣ್ಣಿನ ಕುಡಿಕೆಯಲ್ಲಿ. 1911ರಲ್ಲಿ ಇಂಗ್ಲೆಂಡಿಗೆ ಹೋಗಿ 114 ವಿಕೆಟ್ ಕಿತ್ತ. ಆದರೂ ಹಿಂದೂ ತಂಡದ ನಾಯಕತ್ವ ಅವನಿಗೆ ದಕ್ಕಲಿಲ್ಲ. 1923ರಲ್ಲಿ ತಮ್ಮ ವಿಠ್ಠಲನಿಗೆ ಸಿಕ್ಕಿತು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸು ಬಾಳೂನನ್ನು ಬಾಬಾಸಾಹೇಬರ ಎದುರಿಗೇ ನಿಲ್ಲಿಸಿತು, ಸೋತ. ನಮ್ಮವರನ್ನು ನಮ್ಮವರ ಮೇಲೇ ಬಿಡುವ ಕುಸ್ತಿ ಹೊಸದೇನಲ್ಲ.

ಸ್ವಾತಂತ್ರ್ಯ ಬಂದ ಮೇಲಾದರೂ ನೆಲದ ಲೆಕ್ಕ ಚುಕ್ತಾ ಆಯಿತೆ? ನಮ್ಮ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿದ್ದಾಗಲೇ, 1928ರಲ್ಲಿ, ಬಾಬಾಸಾಹೇಬರು ವತನದ ಸಂಕೋಲೆ ಕಡಿಯಲು ಮಸೂದೆ ತಂದಿದ್ದರು. ಈ ರಾಜ್ಯದಲ್ಲಿ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ ಆದದ್ದು 1961ರಲ್ಲಿ, ಜಾರಿಗೆ ಬಂದದ್ದು 1963ರಲ್ಲಿ. ಚಾಕರಿ ಹೋಯಿತು. ಹೊಲ? ಬೆಲೆ ಕಟ್ಟಿ ಮರುಮಂಜೂರಿ ಮಾಡಿಸಿಕೊಳ್ಳಬೇಕು. ತಲೆತಲಾಂತರ ಊರ ಚಾಕರಿ ಮಾಡಿದ ಹೊಲೆಯ ಮಾದಿಗರು, ಕಚೇರಿ ಮೆಟ್ಟಿಲು ಹತ್ತಲಿಕ್ಕೇ ಅಂಜುವವರು, ಏನು ಮಾಡಿಯಾರು? ಮಂಜೂರಾದ ಹೊಲ ಪರರ ಪಾಲಾಗದಂತೆ ತಡೆಯಲು 1978ರಲ್ಲಿ ಇನ್ನೊಂದು ಕಾಯ್ದೆಯೇ ಬೇಕಾಯಿತು.

ಇದನ್ನೆಲ್ಲ ಮರೆಸಲಿಕ್ಕೆ ಪ್ರತಿಮೆಗಳ ಕಾಳಗ. 2020ರ ಆಗಸ್ಟಿನಲ್ಲಿ ಬೆಳಗಾವಿ ಮಗ್ಗುಲಿನ ಪೀರನವಾಡಿಯಲ್ಲಿ ವೃತ್ತಕ್ಕೆ ರಾಯಣ್ಣನ ಹೆಸರೋ ಶಿವಾಜಿಯ ಹೆಸರೋ ಅಂತ ಜಗಳ. 2021ರ ಡಿಸೆಂಬರಿನಲ್ಲಿ ಅನಗೋಳದಲ್ಲಿ ರಾಯಣ್ಣನ ಪ್ರತಿಮೆಗೇ ಹಾನಿ. ಶಿವಾಜಿಯ ಮಾವಳೆಗಳೂ ರಾಯಣ್ಣನ ಪಡೆಯವರೂ ಬರಿಗಾಲಿನ ಬಡವರೇ ಎಂಬುದನ್ನ ಎರಡೂ ಕಡೆಯ ಹುಡುಗರಿಗೆ ಯಾರೂ ಹೇಳಲಿಲ್ಲ.

ಸಾಲಿ ಮಾಸ್ತರರೇ, ವಿದ್ಯಾರ್ಥಿ ಗೆಳೆಯರೇ, ಅದನ್ನ ಹೇಳುವ ಕೆಲಸ ನಮ್ಮದು. ರಾಯಣ್ಣನ ಕತ್ತಿಯ ಜೊತೆಗೆ ಅವನ ಸನದಿನ ಕಥೆಯನ್ನೂ, ಬಾಳೂನ ವಿಕೆಟ್ಟುಗಳ ಜೊತೆಗೆ ಆ ಕುಡಿಕೆಯ ಕಥೆಯನ್ನೂ ಹೇಳಿರಿ. ಊರಿನ ಚಾಕರಿ ಹೊಲ ಮೊದಲು ಯಾರ ಹೆಸರಿಗಿತ್ತು, ಈಗ ಉತಾರಿನಲ್ಲಿ ಯಾರ ಹೆಸರು ಐತಿ ಅಂತ ಹಿರಿಯರನ್ನ ಕೇಳಿ, ಕಚೇರಿಯಲ್ಲಿ ನೋಡಿ, ಬರೆದಿಡಿರಿ. ರಾಯಣ್ಣನ ಖಟ್ಲೆ ಇನ್ನೂ ನಿಕಾಲಿ ಆಗಿಲ್ಲ.