ವಿಜಯನಗರದ ದೇವಾಲಯಗಳು

ತುಂಗಭದ್ರೆಯ ದಕ್ಷಿಣ ದಡದಲ್ಲಿ, ಇಂದಿನ ವಿಜಯನಗರ ಜಿಲ್ಲೆಯ ಹೊಸಪೇಟೆ ತಾಲ್ಲೂಕಿನ ಹಂಪಿಯಲ್ಲಿ ಹರಡಿಕೊಂಡಿರುವ ಗುಡಿಗಳ ಸಮೂಹ. 14ರಿಂದ 16ನೆಯ ಶತಮಾನದವರೆಗೆ ಹಂಪಿ ಸಂಗಮ, ಸಾಳುವ, ತುಳುವ ವಂಶಗಳ ರಾಜಧಾನಿ. ಇಲ್ಲಿನ ಗುಡಿಗಳೆಲ್ಲ ಕೃಷ್ಣದೇವರಾಯನ ಕೊಡುಗೆ ಎಂಬ ನಂಬಿಕೆ ಜನರಲ್ಲಿ ಬಲವಾಗಿದೆ. ಶಾಸನಗಳನ್ನು ಓದಿದರೆ ಅವುಗಳ ಇತಿಹಾಸ ಅವನಿಗಿಂತ ಮುನ್ನೂರು ವರ್ಷ ಹಿಂದಕ್ಕೆ ಸರಿಯುತ್ತದೆ, ಅವನ ನಂತರವೂ ಮುಂದುವರಿಯುತ್ತದೆ.

ಈ ಕ್ಷೇತ್ರ ರಾಜಧಾನಿಗಿಂತ ಹಳೆಯದು. ವಿರೂಪಾಕ್ಷ ಗುಡಿಯ ಉತ್ತರಕ್ಕಿರುವ ದುರ್ಗಾ ಗುಡಿಯ 1199ರ ಶಾಸನ, ವಿರೂಪಾಕ್ಷನಿಗೂ ಪಂಪಾದೇವಿಗೂ ಕೊಟ್ಟ ದತ್ತಿಯನ್ನು ದಾಖಲಿಸುತ್ತದೆ. ಹೇಮಕೂಟದ ಬಂಡೆಗಳ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಶಿಖರದ ಪುಟ್ಟ ಗುಡಿಗಳಿವೆ. ಶಿಖರಗಳ ಈ ಆಕಾರದಿಂದಾಗಿ ಆ ಗುಡಿಗಳು ಜೈನ ಬಸದಿಗಳೆಂದು ಬಹುಕಾಲ ಕರೆಸಿಕೊಂಡವು. ಹಳೆಯ ಕೈಪಿಡಿಗಳೂ ಅದನ್ನೇ ಬರೆದವು. ಅಲ್ಲಿನ ಒಂದು ತ್ರಿಕೂಟದ ಶಾಸನ ಈ ಗೊಂದಲಕ್ಕೆ ತೆರೆ ಎಳೆಯುತ್ತದೆ. ಮುಮ್ಮಡಿ ಸಿಂಗೆಯ ನಾಯಕನ ಮಗ ಕಂಪಿಲದೇವ ಶಿವಾಲಯ ಕಟ್ಟಿಸಿ ಮೂರು ಲಿಂಗಗಳನ್ನು ಪ್ರತಿಷ್ಠಾಪಿಸಿದನೆಂದು ಅದು ಹೇಳುತ್ತದೆ. ಸಂಗಮ ವಂಶದ ಹರಿಹರ, ಬುಕ್ಕರ ಆಳ್ವಿಕೆ ಆರಂಭವಾಗುವ ಮೊದಲೇ ಈ ಗುಡ್ಡ ಶೈವ ನೆಲೆಯಾಗಿತ್ತು.

ರಾಜಧಾನಿ ಸ್ಥಾಪನೆಯ ವರ್ಷವಾಗಿ 1336 ಪಠ್ಯಪುಸ್ತಕಗಳಲ್ಲಿ ನೆಲೆಯೂರಿದೆ. ಅದಕ್ಕೆ ಆಧಾರವಾದ ತಾಮ್ರಪಟಗಳು ನಂತರದ ಸೃಷ್ಟಿ ಎಂಬುದು ಹಲವು ವಿದ್ವಾಂಸರ ನಿಲುವು. ಸಂಗಮ ಸಹೋದರರು ಒಟ್ಟಾಗಿ ವಿಜಯೋತ್ಸವ ಆಚರಿಸಿದ್ದನ್ನು ಹೇಳುವ 1346ರ ಶೃಂಗೇರಿ ಶಾಸನ ಹೆಚ್ಚು ಗಟ್ಟಿಯಾದ ಆಧಾರ. ವಿದ್ಯಾರಣ್ಯರು ನಗರ ಸ್ಥಾಪಿಸಿದರೆಂಬ ಕಥೆ 16ನೆಯ ಶತಮಾನದಲ್ಲಿ ಹುಟ್ಟಿದ್ದೆಂದು 1929ರಲ್ಲಿ ಹೆನ್ರಿ ಹೆರಾಸ್ ವಾದಿಸಿದರು. ಆ ಚರ್ಚೆ ಇನ್ನೂ ಮುಗಿದಿಲ್ಲ.

ಅರಮನೆಯ ಆವರಣದ ನಡುವಿನ ಹಜಾರರಾಮ ಗುಡಿಯ ಕಾಲದ ಬಗೆಗೂ ಇಂಥದೇ ತಿದ್ದುಪಡಿ ಆಗಿದೆ. ಕೃಷ್ಣದೇವರಾಯನ ಕಾಲದ ದತ್ತಿ ಶಾಸನವನ್ನು ನಂಬಿ ಇಡೀ ಗುಡಿಯನ್ನೇ ಅವನ ಹೆಸರಿಗೆ ಬರೆದವರಿದ್ದರು. ಗರ್ಭಗುಡಿಯ ಅಧಿಷ್ಠಾನದಲ್ಲಿ ದೇವರಾಯನ ಹೆಸರಿರುವ ಸಂಸ್ಕೃತ ಶ್ಲೋಕ ಇದೆ. ಶಿಲ್ಪದ ಲಕ್ಷಣಗಳೂ ಅದಕ್ಕೆ ಹೊಂದುವುದರಿಂದ, ಇದು ಮೊದಲನೆಯ ದೇವರಾಯನ ಕಾಲದ್ದು, ಅಂದರೆ 15ನೆಯ ಶತಮಾನದ ಆರಂಭದ್ದು ಎಂಬ ಅಭಿಪ್ರಾಯ ಈಗ ಬಲಗೊಂಡಿದೆ. ಪ್ರಾಕಾರದ ಹೊರಗೋಡೆ ನೋಡುವವರನ್ನು ಹಿಡಿದು ನಿಲ್ಲಿಸುತ್ತದೆ: ತಳದಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆಗಳು, ಆಮೇಲೆ ಕಾಲಾಳುಗಳು, ನರ್ತಕಿಯರು. ಮಹಾನವಮಿಯ ಮೆರವಣಿಗೆಯೇ ಕಲ್ಲಿನಲ್ಲಿ ಮೂಡಿದೆ ಎಂದು ಹಲವರು ಇದನ್ನು ಓದಿದ್ದಾರೆ. ಒಳಗೆ ಮಂಟಪದ ಗೋಡೆಗಳ ಮೇಲೆ ರಾಮಾಯಣ ಉಬ್ಬುಶಿಲ್ಪವಾಗಿ ಸುತ್ತು ಬರುತ್ತದೆ. ರಂಗಮಂಟಪದಲ್ಲಿ ನಯವಾಗಿ ಉಜ್ಜಿದ ಕರಿಕಲ್ಲಿನ ಕಂಬಗಳಿವೆ.

ತುಳುವರ ಕಾಲದ ದೊಡ್ಡ ಗುಡಿಗಳ ಚರಿತ್ರೆ ಹೆಚ್ಚು ಸ್ಪಷ್ಟ. 1510ರಲ್ಲಿ ಪಟ್ಟಾಭಿಷೇಕದ ನೆನಪಿಗೆ ಕೃಷ್ಣದೇವರಾಯ ವಿರೂಪಾಕ್ಷನಿಗೆ ರಂಗಮಂಟಪ ಕಟ್ಟಿಸಿದ. ಉದಯಗಿರಿಯನ್ನು ಗಜಪತಿಗಳಿಂದ ಗೆದ್ದು ತಂದ ಬಾಲಕೃಷ್ಣನ ಮೂರ್ತಿಗಾಗಿ 1515ರಲ್ಲಿ ಕೃಷ್ಣ ದೇವಾಲಯ ಎದ್ದಿತು; ಆ ಮೂರ್ತಿ ಈಗ ಚೆನ್ನೈ ವಸ್ತುಸಂಗ್ರಹಾಲಯದಲ್ಲಿದೆ. ಅಚ್ಯುತರಾಯನ ಗುಡಿ ಎಂದೇ ಹೆಸರಾದದ್ದು ನಿಜಕ್ಕೂ ತಿರುವೆಂಗಳನಾಥನದು. 1534ರಲ್ಲಿ ಅದನ್ನು ಕಟ್ಟಿಸಿದವನು ಹಿರಿಯ ತಿರುಮಲರಾಜ.

ಗೊಂದಲ ಹೆಚ್ಚಿರುವುದು ವಿಠ್ಠಲ ಗುಡಿಯಲ್ಲಿ. ಅದರ ಮೂಲ ಎರಡನೆಯ ದೇವರಾಯನ ಕಾಲದ್ದೆಂಬ ವಾದವಿದೆ. 1513ರಲ್ಲಿ ಕೃಷ್ಣದೇವರಾಯನ ರಾಣಿಯರಾದ ತಿರುಮಲದೇವಿ, ಚಿನ್ನಾದೇವಿ ಗೋಪುರಗಳನ್ನು ಕಟ್ಟಿಸಿದರು. 1516ರಲ್ಲಿ ನೂರು ಕಂಬಗಳ ಮಂಟಪ ಸೇರಿತು. ಸದಾಶಿವರಾಯನ ಕಾಲದಲ್ಲಿ, 1554ರಲ್ಲಿ, ಉದಯಗಿರಿ ತಿಮ್ಮರಾಜ ಉಯ್ಯಾಲೆ ಮಂಟಪ ಕಟ್ಟಿಸಿದನೆಂಬ ದಾಖಲೆ ಇದೆ. ತಟ್ಟಿದರೆ ನಾದ ಹೊಮ್ಮುವ ಕಂಬಗಳ ಮಹಾಮಂಟಪವೇ ಈ ಉಯ್ಯಾಲೆ ಮಂಟಪ ಎಂದು ಗುರುತಿಸುವ ವಿದ್ವಾಂಸರಿದ್ದಾರೆ. ಅದು ನಿಜವಾದರೆ, ಹಂಪಿಯ ಅತ್ಯುತ್ತಮ ಕೆತ್ತನೆ ಕೃಷ್ಣದೇವರಾಯ ತೀರಿಕೊಂಡು ಸುಮಾರು ಕಾಲು ಶತಮಾನದ ನಂತರದ್ದು. ಗುಡಿ ಪೂರ್ಣಗೊಳ್ಳಲೇ ಇಲ್ಲ, ಪ್ರತಿಷ್ಠೆಯೂ ಆಗಲಿಲ್ಲ ಎಂದು ಪುರಾತತ್ತ್ವಜ್ಞ ಎ. ಎಚ್. ಲಾಂಗ್‌ಹರ್ಸ್ಟ್ 1917ರ ಕೈಪಿಡಿಯಲ್ಲಿ ಊಹಿಸಿದ್ದರು. ನೈವೇದ್ಯಕ್ಕೆ ಬಿಟ್ಟ ದತ್ತಿಗಳ ಶಾಸನಗಳು ಆ ಊಹೆಯನ್ನು ಒಪ್ಪುವುದಿಲ್ಲ. ಇಲ್ಲಿ ಪೂಜೆ ನಡೆಯುತ್ತಿತ್ತು.

ವಿಠ್ಠಲ ಗುಡಿಯ ಅಂಗಳದ, ಐವತ್ತು ರೂಪಾಯಿ ನೋಟಿನ ಮೇಲಿರುವ ಕಲ್ಲಿನ ರಥವೂ ಮೂಲರೂಪದಲ್ಲಿ ಉಳಿದಿಲ್ಲ. ಗರುಡನ ಈ ಗುಡಿಯ ಮೇಲೆ ಇಟ್ಟಿಗೆಯ ಶಿಖರ ಇತ್ತು. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಛಾಯಾಚಿತ್ರದಲ್ಲಿ ಅದು ಸ್ಪಷ್ಟವಾಗಿದೆ. ಆ ಶತಮಾನ ಮುಗಿಯುವ ಮೊದಲೇ ಶಿಖರ ಇಲ್ಲವಾಯಿತು. ಎಳೆಯುವ ಆನೆಗಳನ್ನೂ ಆಮೇಲೆ ತಂದಿಡಲಾಗಿದೆ. ಅವುಗಳ ಹಿಂದೆ ಕುದುರೆಗಳ ಗುರುತು ಇನ್ನೂ ಕಾಣುತ್ತದೆ. ಗ್ರೀನ್‌ಲಾ ಚಿತ್ರಗಳ ಮೂಲ ನೆಗೆಟಿವ್‌ಗಳು 1980ರಲ್ಲಿ ಮತ್ತೆ ಬೆಳಕಿಗೆ ಬಂದವು. 1983ರಲ್ಲಿ ಜಾನ್ ಗೊಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಏನು ಬಿತ್ತು, ಏನು ಉಳಿಯಿತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

1565ರ ಜನವರಿಯ ಯುದ್ಧದ ನಂತರ ರಾಜಧಾನಿ ಬರಿದಾಯಿತು. ತಾಳಿಕೋಟೆ, ರಕ್ಕಸತಂಗಡಗಿ, ಬನ್ನಿಹಟ್ಟಿ ಎಂದು ಯುದ್ಧದ ಹೆಸರೇ ಮೂರು ಬಗೆಯಾಗಿ ಉಳಿದಿದೆ. ಎರಡು ವರ್ಷಗಳ ನಂತರ ಬಂದ ವೆನಿಸ್ ವರ್ತಕ ಚೆಸಾರೆ ಫೆದೆರೀಚಿ, ಮನೆಗಳು ನಿಂತಿವೆ, ಜನರಿಲ್ಲ ಎಂದು ದಾಖಲಿಸಿದ. ನಾಶ ಎಲ್ಲ ಕಡೆ ಒಂದೇ ಸಮನಾಗಿಲ್ಲ. ವಿಠ್ಠಲ, ಕೃಷ್ಣ ಗುಡಿಗಳಿಗೆ ತೀವ್ರ ಪೆಟ್ಟು ಬಿತ್ತು. ಹಜಾರರಾಮ ಬಹುಮಟ್ಟಿಗೆ ಉಳಿಯಿತು. ವಿರೂಪಾಕ್ಷ ಇಂದಿಗೂ ಪೂಜೆಗೊಳ್ಳುತ್ತಿದ್ದಾನೆ. ಗೆದ್ದ ಸುಲ್ತಾನರ ಸೈನ್ಯವೇ ಎಲ್ಲಕ್ಕೂ ಕಾರಣ ಎಂಬುದು ಹಳೆಯ ವಿವರಣೆ. ವೈಷ್ಣವ ಗುಡಿಗಳೇ ಹೆಚ್ಚು ಹಾಳಾಗಿರುವುದನ್ನು ಗಮನಿಸಿದವರು, ಅರಸುಮನೆತನದ ಒಲವಿಗೆ ಪಾತ್ರವಾಗಿದ್ದ ದೇವರುಗಳನ್ನೇ ಗುರಿ ಮಾಡಲಾಯಿತೇ ಎಂದು ಕೇಳುತ್ತಾರೆ. ನಿಧಿಗಳ್ಳರೂ ಕಾಲವೂ ಮಾಡಿದ ಹಾನಿಯನ್ನು ಇದರಿಂದ ಬೇರ್ಪಡಿಸುವುದು ಕಷ್ಟ.

ವಿರೂಪಾಕ್ಷನ ರಂಗಮಂಟಪದ ಚಾವಣಿಯ ಚಿತ್ರಗಳ ಕಾಲವೂ ವಿವಾದದಲ್ಲಿದೆ. ವಿದ್ಯಾರಣ್ಯರ ಮೆರವಣಿಗೆಯ ದೃಶ್ಯವಿರುವುದರಿಂದ ಅವನ್ನು ಸಾಮ್ರಾಜ್ಯದ ಕಾಲದವೆಂದು ತಿಳಿದವರು ಹಲವರು. ಕಲಾ ಇತಿಹಾಸಕಾರ್ತಿ ಅನ್ನಾ ದಲ್ಲಾಪಿಕ್ಕೋಲ 19ನೆಯ ಶತಮಾನದ ಆರಂಭದತ್ತ ಬೆರಳು ತೋರಿಸುತ್ತಾರೆ. ಬಳ್ಳಾರಿ ಕಲೆಕ್ಟರ್ ಎಫ್. ಡಬ್ಲ್ಯು. ರಾಬರ್ಟ್‌ಸನ್ 1837ರಲ್ಲಿ ಗೋಪುರದ ದುರಸ್ತಿ ಮಾಡಿಸಿದ್ದೂ ಅದೇ ಆಸುಪಾಸಿನಲ್ಲಿ.

1976ರಿಂದ ವ್ಯವಸ್ಥಿತ ಉತ್ಖನನ ಆರಂಭವಾಯಿತು. 1980ರಿಂದ ಜಾನ್ ಫ್ರಿಟ್ಜ್, ಜಾರ್ಜ್ ಮಿಚೆಲ್ ರಾಜ್ಯ ಪುರಾತತ್ತ್ವ ಇಲಾಖೆಯೊಂದಿಗೆ ಎರಡು ದಶಕ ನೆಲದಳತೆ ಮಾಡಿ ನಕ್ಷೆ ಬರೆದರು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿ, ಆನೆಗೊಂದಿ ಸೇತುವೆಯ ಕಾರಣದಿಂದ 1999ರಲ್ಲಿ ಅಪಾಯದ ಪಟ್ಟಿಗೆ ಹೋಗಿ 2006ರವರೆಗೆ ಅಲ್ಲೇ ಇತ್ತು. ಆ ಸೇತುವೆ 2009ರಲ್ಲಿ ಕುಸಿದುಬಿತ್ತು. 2011ರ ಜುಲೈನಲ್ಲಿ ವಿರೂಪಾಕ್ಷನ ರಥಬೀದಿಯ ಮಂಟಪಸಾಲುಗಳಲ್ಲಿ ನೆಲೆಸಿದ್ದ ಕುಟುಂಬಗಳನ್ನು, ಅಂಗಡಿಗಳನ್ನು ತೆರವುಗೊಳಿಸಲಾಯಿತು. ಪೇಟೆಯಿಲ್ಲದ ರಥಬೀದಿ ಸ್ಮಾರಕವಷ್ಟೇ ಆಗುತ್ತದೆ ಎಂಬ ಆಕ್ಷೇಪಕ್ಕೂ, ಕಲ್ಲುಮಂಟಪ ಉಳಿಯಬೇಕಾದರೆ ಒಳಗೆ ಒಲೆ ಉರಿಯಬಾರದು ಎಂಬ ನಿಲುವಿಗೂ ನಡುವೆ ಹೊಂದಾಣಿಕೆ ಏರ್ಪಟ್ಟಿಲ್ಲ.