ಹಾರುವ ಊರಿನ ಕೆಳಗೆ ಸಲಿಕೆ ಹಿಡಿದವರು

ಸ್ವಲ್ಪ ಉದ್ದದ ಪೋಸ್ಟ್. ಬಿಡುವು ಮಾಡಿಕೊಂಡು ಓದಿ.

1936ನೇ ಇಸವಿ. ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಥಿಯೇಟರುಗಳಿಗೆ 'ಫ್ಲ್ಯಾಶ್ ಗಾರ್ಡನ್' ಅನ್ನೋ ಕಂತು ಸಿನಿಮಾ ಬಂತು. ಮೇ ತಿಂಗಳಲ್ಲಿ ಬಾಬಾಸಾಹೇಬರು 'ಜಾತಿ ವಿನಾಶ' ಪುಸ್ತಕವನ್ನು ತಾವೇ ಅಚ್ಚು ಹಾಕಿಸಿದರು. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಮಾಡಲು ಬಿಡದೇ ಹೋದ ಭಾಷಣ ಅದು. ಅದೇ ವರ್ಷದ ಕೊನೆಗೆ ಅಮೆರಿಕದ ಕಪ್ಪು ಜನರ ಪತ್ರಿಕೆ 'ಪಿಟ್ಸ್‌ಬರ್ಗ್ ಕೊರಿಯರ್'ನಲ್ಲಿ, ಕಪ್ಪು ವಿಜ್ಞಾನಿಗಳು ವಿಮಾನ ಹಾರಿಸಿ ಆಫ್ರಿಕಾವನ್ನು ಬಿಡಿಸಿಕೊಳ್ಳುವ ಧಾರಾವಾಹಿ ಶುರುವಾಯ್ತು.

ಮೂರೂ ಒಂದಕ್ಕೊಂದು ಸಂಬಂಧವಿಲ್ಲದ ಸಂಗತಿಗಳು. ಆದರೆ ಮೂರರ ಹಿಂದೆಯೂ ಒಂದು ಪ್ರಶ್ನೆ ಇದೆ: ನಾಳೆ ಅನ್ನೋದು ಯಾರದ್ದು? ಅಲ್ಲಿ ಯಾರು ಹಾರ್ತಾರೆ, ಯಾರು ಕೆಳಗೆ ನಿಂತು ಸಲಿಕೆ ಹಿಡೀತಾರೆ?

ಮೊದಲು ಈ ಸಿನಿಮಾಗಳ ಹಿನ್ನೆಲೆ ಹೇಳ್ತೀನಿ. ಪಲ್ಪ್ ಅಂದ್ರೆ ಮರದ ತಿರುಳಿನ ಅಗ್ಗದ ಕಾಗದ. ಅಂಥ ಕಾಗದದಲ್ಲಿ ಅಚ್ಚಾಗುತ್ತಿದ್ದ ಸಾಹಸ ಕಥೆಗಳ ಪತ್ರಿಕೆಗಳಿಗೆ ಅದೇ ಹೆಸರು ಅಂಟಿಕೊಂಡಿತು. ನಮ್ಮಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಕೂಲಿಯವರು, ಗುಮಾಸ್ತರು, ವಿದ್ಯಾರ್ಥಿಗಳು ಎಲ್ಲರೂ ಓದಿದ ಹಾಗೆ ಅಲ್ಲಿನ ಜನ ಅವನ್ನು ಓದುತ್ತಿದ್ದರು. 1928ರಲ್ಲಿ 'ಅಮೇಜಿಂಗ್ ಸ್ಟೋರೀಸ್' ಪತ್ರಿಕೆಯಲ್ಲಿ ಬಕ್ ರೋಜರ್ಸ್ ಬಂದ. 1934ರಲ್ಲಿ ಅಲೆಕ್ಸ್ ರೇಮಂಡ್ ಅವರ ಚಿತ್ರಕಥೆಯಲ್ಲಿ ಫ್ಲ್ಯಾಶ್ ಗಾರ್ಡನ್ ಬಂದ. ಯೂನಿವರ್ಸಲ್ ಕಂಪನಿ ಇಬ್ಬರನ್ನೂ ಪರದೆ ಮೇಲೆ ತಂದಿತು. ಇಬ್ಬರ ಪಾತ್ರವನ್ನೂ ಮಾಡಿದ್ದು ಒಬ್ಬನೇ ನಟ, ಬಸ್ಟರ್ ಕ್ರ್ಯಾಬ್.

ವಾರಕ್ಕೊಂದು ಕಂತು, ಸುಮಾರು 20 ನಿಮಿಷ. 'ಫ್ಲ್ಯಾಶ್ ಗಾರ್ಡನ್' ಒಟ್ಟು 13 ಕಂತು. ಪ್ರತಿ ಕಂತಿನ ಕೊನೆಗೆ ನಾಯಕ ಸಾಯೋ ಸ್ಥಿತಿಯಲ್ಲಿರ್ತಾನೆ: ರಾಕೆಟ್ ಉರುಳ್ತಿದೆ, ಬೆಂಕಿ ಹತ್ತಿದೆ, ಮೃಗ ಮೈಮೇಲೆ ಬಿದ್ದಿದೆ. ಮಕ್ಕಳು ವಾರವಿಡೀ ಅದೇ ಯೋಚನೆಯಲ್ಲಿರಬೇಕು. ಮುಂದಿನ ವಾರ ಹೋಗಿ ಕೂತರೆ, ಕಥೆ ಒಂದೆರಡು ನಿಮಿಷ ಹಿಂದಿನಿಂದ ಶುರುವಾಗಿ, ಹೋದ ವಾರ ತೋರಿಸದೇ ಇದ್ದ ಒಂದು ಶಾಟ್ ತೋರಿಸಿ ನಾಯಕನನ್ನು ಪಾರು ಮಾಡಿಬಿಡೋರು. ಮೋಸ ಅಂತ ಮಕ್ಕಳಿಗೂ ಗೊತ್ತಿತ್ತು. ಆದರೂ ಮುಂದಿನ ವಾರದ ಟಿಕೆಟ್ ತಗೊಳ್ಳೋರು.

ಇಲ್ಲೇ ಮೊದಲನೇ ಕಟ್ಟಳೆ ಇದೆ. ಹೆಸರಿದ್ದವನಿಗೆ ಮಾತ್ರ 'ಮುಂದಿನ ವಾರ' ಇರುತ್ತೆ. ಹೆಸರಿಲ್ಲದ ಕಾವಲುಗಾರ, ಸೈನಿಕ, ಗುಲಾಮ ಅದೇ ಕಂತಿನಲ್ಲಿ ಮುಗಿದು ಹೋಗ್ತಾನೆ. ಅವನನ್ನು ಉಳಿಸೋಕೆ ಯಾರೂ ಹೊಸ ಶಾಟ್ ತೆಗೆಯಲ್ಲ.

ಎರಡನೇ ಕಟ್ಟಳೆ: ವಿಜ್ಞಾನ ಮುಂದೆ ಹೋಗುತ್ತೆ, ಸಮಾಜ ಇದ್ದಲ್ಲೇ ಇರುತ್ತೆ. ಮೊಂಗೋ ಗ್ರಹದಲ್ಲಿ ರಾಕೆಟ್ ಇದೆ, ಕಿರಣದ ಬಂದೂಕು ಇದೆ, ದೂರದರ್ಶಕ ಯಂತ್ರ ಇದೆ. ಜೊತೆಗೆ ರಾಜ, ರಾಜಕುಮಾರಿ, ಕತ್ತಿ, ಗುಲಾಮರೂ ಇದ್ದಾರೆ. ಇದಕ್ಕೆ ಖರ್ಚಿನ ಲೆಕ್ಕವೂ ಒಂದು ಕಾರಣ. ಸ್ಟುಡಿಯೋದಲ್ಲಿ ಇದ್ದ ಸೆಟ್‌ಗಳನ್ನೇ ಮತ್ತೆ ಬಳಸಿದರು. ರಾಕೆಟ್‌ಗಳು 1930ರ 'ಜಸ್ಟ್ ಇಮ್ಯಾಜಿನ್' ಚಿತ್ರದ್ದು, ಸಂಗೀತದಲ್ಲಿ ಒಂದಷ್ಟು 1935ರ 'ಬ್ರೈಡ್ ಆಫ್ ಫ್ರಾಂಕನ್‌ಸ್ಟೈನ್' ಚಿತ್ರದ್ದು. ಆದರೆ ಖರ್ಚೊಂದೇ ಕಾರಣ ಅಂತ ನಾನು ಒಪ್ಪಲ್ಲ. ಕೊನೆಯಲ್ಲಿ ದುಷ್ಟ ಚಕ್ರವರ್ತಿ ಮಿಂಗ್ ಹೋಗ್ತಾನೆ, 'ನ್ಯಾಯವಾದ ವಾರಸುದಾರ' ರಾಜಕುಮಾರ ಬ್ಯಾರಿನ್ ಬರ್ತಾನೆ. ಅರಸ ಬದಲಾದ, ಅರಸೊತ್ತಿಗೆ ಬದಲಾಗಲಿಲ್ಲ. ರಾಕೆಟ್ ಹಾರಿಸೋ ಗ್ರಹದಲ್ಲಿ ಒಂದು ಓಟು ಹಾಕೋ ಪೆಟ್ಟಿಗೆ ಇಡೋಕೆ ಎಷ್ಟು ಖರ್ಚಾಗ್ತಿತ್ತು ಹೇಳಿ?

ಮೂರನೇದು, ಖಳನ ಬಣ್ಣ. ಮಿಂಗ್ ಅನ್ನೋ ಹೆಸರು, ಇಳಿಬಿದ್ದ ಮೀಸೆ, ನಿಲುವಂಗಿ, ಎಲ್ಲ ಚೀನಾದವನ ವೇಷ. ಒಳಗಿರೋದು ಕೆಂಟಕಿಯ ಬಿಳಿಯ ನಟ ಚಾರ್ಲ್ಸ್ ಮಿಡಲ್ಟನ್. ಬಕ್ ರೋಜರ್ಸ್‌ನ ಮೂಲ ಕಥೆಯಲ್ಲೂ ಅಮೆರಿಕವನ್ನು ಆಕ್ರಮಿಸಿದವರು 'ಹಾನ್' ಎಂಬ ಪೂರ್ವದ ಜನ. ಚೀನಾದ ಕಾರ್ಮಿಕರು ದೇಶದೊಳಗೆ ಬರಬಾರದು ಅಂತ 1882ರಲ್ಲಿ ಮಾಡಿದ ಕಾನೂನನ್ನು ಅಮೆರಿಕ ರದ್ದು ಮಾಡಿದ್ದು 1943ರಲ್ಲಿ. ಅಂದ್ರೆ ಈ ಸಿನಿಮಾಗಳು ಓಡುತ್ತಿದ್ದಾಗ ಆ ಕಾನೂನು ಜಾರಿಯಲ್ಲೇ ಇತ್ತು. ಬಾಗಿಲು ಹಾಕಿಸಿಕೊಂಡವರು ಅವರು, ಪರದೆ ಮೇಲೆ ಭೂಮಿಯನ್ನು ನುಂಗಲು ಬರೋರೂ ಅವರೇ! ತುಳಿದವನ ಕಥೆಯಲ್ಲಿ ತುಳಿಸಿಕೊಂಡವನೇ ರಾಕ್ಷಸ ಆಗೋದು ನಮಗೇನು ಹೊಸದಲ್ಲ. 1939ರ 'ಬಕ್ ರೋಜರ್ಸ್'ನಲ್ಲಿ ಒಂದು ಸಣ್ಣ ಬದಲಾವಣೆ ಕಾಣುತ್ತೆ. ಶನಿಗ್ರಹದ ರಾಜಕುಮಾರ ಟಾಲೆನ್ ಪಾತ್ರವನ್ನು ಕೊರಿಯಾ ಮೂಲದ ನಟ ಫಿಲ್ಸನ್ ಆಹ್ನ್ ಮಾಡಿದರು. ಕೊರಿಯಾದ ಸ್ವಾತಂತ್ರ್ಯ ಹೋರಾಟದ ನಾಯಕ ಆಹ್ನ್ ಚಾಂಗ್-ಹೋ ಅವರ ಮಗ. ಪಾತ್ರ ಖಳನದ್ದಲ್ಲ, ಆದರೆ ನಾಯಕನದ್ದೂ ಅಲ್ಲ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ.

'ಫ್ಲ್ಯಾಶ್ ಗಾರ್ಡನ್'ನ ನಡುವಿನ ಕಂತುಗಳಲ್ಲಿ ರೆಕ್ಕೆಯ ಜನರ ರಾಜ ವಲ್ಟನ್‌ನ ಊರು ಬರುತ್ತೆ. ಆಕಾಶದಲ್ಲಿ ತೇಲುವ ಊರು. ಅದು ತೇಲೋದು ಹೇಗೆ? ಊರಿನ ತಳದಲ್ಲಿ ಅಣುಶಕ್ತಿಯ ಕುಲುಮೆಗಳಿವೆ. ಬರಿಮೈಯ ಗಂಡಸರು ಸಲಿಕೆಯಲ್ಲಿ ರೇಡಿಯಂ ಎತ್ತಿ ಎತ್ತಿ ಅದಕ್ಕೆ ಹಾಕ್ತಿರಬೇಕು. ಫ್ಲ್ಯಾಶ್‌ನನ್ನು ಹಿಡಿದು ಅಲ್ಲಿಗೆ ತಳ್ಳುತ್ತಾರೆ. ಅವನು ಕುಲುಮೆಯನ್ನೇ ಸ್ಫೋಟಿಸುತ್ತಾನೆ. ಊರು ವಾಲುತ್ತೆ, ಬೀಳೋ ಹಾಗಾಗುತ್ತೆ. ಆಗ ವಿಜ್ಞಾನಿ ಜಾರ್ಕಾವ್ ಊರನ್ನು ಹಿಡಿದು ನಿಲ್ಲಿಸೋ ಹೊಸ ಉಪಾಯ ಕಂಡುಹಿಡಿದು ಎಲ್ಲರನ್ನೂ ಉಳಿಸ್ತಾನೆ. ರಾಜ ಖುಷಿಯಾಗಿ ಫ್ಲ್ಯಾಶ್‌ನ ಗೆಳೆಯನಾಗ್ತಾನೆ.

1920ರ ಜನವರಿಯಲ್ಲಿ 'ಮೂಕನಾಯಕ'ದ ಮೊದಲ ಸಂಚಿಕೆಯಲ್ಲೇ ಬಾಬಾಸಾಹೇಬರು ಹಿಂದೂ ಸಮಾಜವನ್ನು ಮೆಟ್ಟಿಲೇ ಇಲ್ಲದ ಬಹುಮಹಡಿ ಗೋಪುರಕ್ಕೆ ಹೋಲಿಸಿದ್ದರು. ಹುಟ್ಟಿದ ಮಹಡಿಯಲ್ಲೇ ಸಾಯಬೇಕು ಅಂತ. ವಲ್ಟನ್‌ನ ಊರು ಅಂಥದ್ದೇ ಗೋಪುರ, ಇದು ಹಾರುತ್ತೆ ಅಷ್ಟೇ.

ಆ ದೃಶ್ಯ ತೆಗೆದವರು ಒಂದು ನಿಜ ಹೇಳಿಬಿಟ್ಟಿದ್ದಾರೆ. ಮೇಲಿನವರು ಹಾರಬೇಕಾದರೆ ಕೆಳಗೆ ಯಾರೋ ಬೇಯಬೇಕು. ಆದರೆ ಹೇಳಿದ ಕೂಡಲೇ ಮರೆಸಿಯೂಬಿಟ್ಟರು. ಕುಲುಮೆ ನಮಗೆ ಕಾಣೋದು ನಾಯಕ ಅದರ ಮುಂದೆ ನಿಂತಿರೋವರೆಗೆ ಮಾತ್ರ. ಅವನು ಹೊರಬಂದ ಮೇಲೆ ಕ್ಯಾಮೆರಾನೂ ಹೊರಬರುತ್ತೆ. ಉಳಿದ ಸಲಿಕೆಯವರು ಏನಾದರು? ಅವರ ಹೆಸರೇನು? ಕಥೆ ಕೇಳೋದೇ ಇಲ್ಲ. ಫ್ಲ್ಯಾಶ್‌ಗೆ ಅದು ಒಂದು ವಾರದ ಕಷ್ಟ, ಅವರಿಗೆ ಜನ್ಮದ ಕೆಲಸ. ಜಾತಿ ಬರೀ ಕೆಲಸ ಹಂಚೋದಲ್ಲ, ಕೆಲಸಗಾರರನ್ನೇ ಒಡೆದು ಒಬ್ಬರ ಮೇಲೊಬ್ಬರನ್ನು ಕೂರಿಸೋದು ಅಂತ 'ಜಾತಿ ವಿನಾಶ' ವಾದಿಸಿದ್ದೂ ಅದೇ ವರ್ಷ.

ಮಷೀನ್ ಬಂದರೆ ಎಲ್ಲ ಸರಿ ಹೋಗುತ್ತೆ ಅನ್ನೋರು ಜಾರ್ಕಾವ್‌ನ ಆ ಉಪಾಯವನ್ನು ಸ್ವಲ್ಪ ಯೋಚಿಸಬೇಕು. ಮಷೀನ್ ಊರನ್ನು ಉಳಿಸಿತು, ರಾಜನನ್ನೂ ಉಳಿಸಿತು. ಮಲಹೊರುವ ಪದ್ಧತಿ ವಿರುದ್ಧ ನಮ್ಮಲ್ಲಿ 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು ಕಾನೂನು ಬಂತು. ಗುಂಡಿ ಎಳೆಯೋ ಗಾಡಿಯೂ ಬಂತು. ಗುಂಡಿಗೆ ಇಳಿಯೋರು ಯಾವ ಕೇರಿಯವರು ಅನ್ನೋದು ಬದಲಾಯ್ತಾ?

ಇನ್ನು ಪಿಟ್ಸ್‌ಬರ್ಗಿನ ಧಾರಾವಾಹಿ. ಬರೆದವರು ಕಪ್ಪು ಪತ್ರಕರ್ತ ಜಾರ್ಜ್ ಶೈಲರ್, ಸ್ಯಾಮ್ಯುಯೆಲ್ ಐ. ಬ್ರೂಕ್ಸ್ ಅನ್ನೋ ಗುಪ್ತನಾಮದಲ್ಲಿ. 1938ರವರೆಗೂ ವಾರ ವಾರ ಬಂತು. ಡಾ. ಹೆನ್ರಿ ಬೆಲ್ಸಿಡಸ್ ಎಂಬ ಕಪ್ಪು ವೈದ್ಯ ಪ್ರಪಂಚದ ಕಪ್ಪು ಪ್ರತಿಭೆಗಳನ್ನೆಲ್ಲ ಗುಟ್ಟಾಗಿ ಸೇರಿಸಿ ಆಫ್ರಿಕಾವನ್ನು ಯುರೋಪಿನವರಿಂದ ಬಿಡಿಸಿಕೊಳ್ಳುತ್ತಾನೆ. 1935ರಲ್ಲಿ ಇಟಲಿ ಇಥಿಯೋಪಿಯಾದ ಮೇಲೆ ದಾಳಿ ಮಾಡಿತ್ತು, ಆ ನೋವು ಓದುಗರ ಎದೆಯಲ್ಲಿ ಹಸಿಯಾಗಿತ್ತು. ದಕ್ಷಿಣ ರಾಜ್ಯಗಳ ಥಿಯೇಟರುಗಳಲ್ಲಿ ಕಪ್ಪು ಜನ ಬೇರೆ ಬಾಗಿಲಿಂದ ಹೋಗಿ ಬಾಲ್ಕನಿಯಲ್ಲಿ ಕೂರಬೇಕಾಗಿದ್ದ ಕಾಲ ಅದು. ಪರದೆಯಲ್ಲಿ ಸಿಗದ ನಾಳೆಯನ್ನು ಅವರು ಪತ್ರಿಕೆಯಲ್ಲಿ ಓದಿಕೊಂಡರು.

ಶೈಲರ್ ಮಾತ್ರ ಇದು ಹೊಟ್ಟೆಪಾಡಿನ ಬರಹ ಅಂತ ತಾವೇ ಗೇಲಿ ಮಾಡಿಕೊಂಡಿದ್ದರು. ಬೆಲ್ಸಿಡಸ್ ಕೂಡ ಕ್ರೂರಿ, ಸರ್ವಾಧಿಕಾರಿ. ಸಿಂಹಾಸನದ ಮೇಲೆ ಕೂತವನ ಬಣ್ಣ ಬದಲಾಯ್ತು, ಸಿಂಹಾಸನ ಹಾಗೇ ಉಳೀತು. ಇದನ್ನೂ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಮುಂದಿನ ತಲೆಮಾರಿನ ನಿರ್ದೇಶಕರು ಆ ಹಳೇ ಕಾಲ ಕನಸಿದ ಭವಿಷ್ಯವನ್ನೇ ಪ್ರೀತಿಯಿಂದ ಮತ್ತೆ ಕಟ್ಟಿದರು. ಇದಕ್ಕೇ ರೆಟ್ರೋ-ಫ್ಯೂಚರಿಸಂ ಅನ್ನೋದು. ಜಾರ್ಜ್ ಲೂಕಾಸ್‌ಗೆ 'ಫ್ಲ್ಯಾಶ್ ಗಾರ್ಡನ್' ಹಕ್ಕು ಸಿಗಲಿಲ್ಲ, 1977ರಲ್ಲಿ 'ಸ್ಟಾರ್ ವಾರ್ಸ್' ಮಾಡಿದರು. ಮೇಲಕ್ಕೆ ಸರಿಯೋ ಆ ಅಕ್ಷರಗಳು ಹಳೇ ಕಂತು ಸಿನಿಮಾಗಳಿಂದಲೇ ಬಂದವು. 1991ರ 'ದಿ ರಾಕೆಟೀರ್'ನಲ್ಲಿ 1938ರ ಲಾಸ್ ಏಂಜಲೀಸ್ ಇದೆ, ಬೆನ್ನಿಗೆ ರಾಕೆಟ್ ಕಟ್ಟಿಕೊಂಡು ಹಾರೋ ಬಿಳಿಯ ಪೈಲಟ್ ಇದ್ದಾನೆ. ಖಳ ನಾಜಿ ಗೂಢಚಾರ. ಕೇಡು ಅನ್ನೋದು ಹೊರಗಿಂದ ಬಂದದ್ದು ಅಂತ ಆಯ್ತಲ್ಲ, ಒಳಗಿನ ವರ್ಣಭೇದದ ಸುದ್ದಿ ಯಾಕೆ?

ಆದರೆ ನಿಜವಾದ ಲಾಸ್ ಏಂಜಲೀಸ್‌ನಲ್ಲಿ 1929ರಲ್ಲೇ ವಿಲಿಯಂ ಪೊವೆಲ್ ಎಂಬ ಕಪ್ಪು ಪೈಲಟ್ ತಮ್ಮ ಜನರಿಗೆ ವಿಮಾನ ಕಲಿಸೋಕೆ ಬೆಸ್ಸಿ ಕೋಲ್ಮನ್ ಹೆಸರಲ್ಲಿ ಕ್ಲಬ್ ಕಟ್ಟಿದ್ದರು. ಅಮೆರಿಕದ ಯಾವ ಶಾಲೆಯೂ ಸೇರಿಸಿಕೊಳ್ಳದೇ ಹೋದಾಗ ಫ್ರಾನ್ಸಿಗೆ ಹೋಗಿ 1921ರಲ್ಲಿ ಲೈಸೆನ್ಸ್ ಪಡೆದ ಕಪ್ಪು ಹೆಣ್ಣುಮಗಳು ಬೆಸ್ಸಿ. ಅದೇ ಊರು, ಹೆಚ್ಚುಕಡಿಮೆ ಅದೇ ಕಾಲ, ಅದೇ ಆಕಾಶ. ಆದರೂ ಸಿನಿಮಾ ನೆನೆಸಿಕೊಂಡ ಹಳೇ ದಿನಗಳಲ್ಲಿ ಅವರಿಲ್ಲ.

2004ರ 'ಸ್ಕೈ ಕ್ಯಾಪ್ಟನ್' 1939ರಲ್ಲಿ ನಡೆಯುವ ಕಥೆ. ನೀಲಿ ಪರದೆ ಮುಂದೆ ನಟಿಸಿ ಹಿನ್ನೆಲೆಯನ್ನೆಲ್ಲ ಕಂಪ್ಯೂಟರಿನಲ್ಲಿ ಕಟ್ಟಿದ ಸಿನಿಮಾ. ನಾಯಕ ಹಿಮಾಲಯಕ್ಕೆ ಹೋಗ್ತಾನೆ. ಅಲ್ಲಿ ಖಳ ಜನರನ್ನು ಗುಲಾಮರಾಗಿ ಗಣಿಯಲ್ಲಿ ದುಡಿಸಿದ್ದಾನೆ, ವಿಕಿರಣದಿಂದ ಅವರು ಸತ್ತಿದ್ದಾರೆ. ಬದುಕಿ ಉಳಿದ ಒಬ್ಬ ಮುದುಕ ನಾಯಕನಿಗೆ ದಾರಿಯ ಸುಳಿವು ಕೊಟ್ಟು, ನನ್ನನ್ನು ಸಾಯಿಸಿಬಿಡು ಅಂತ ಕೇಳ್ತಾನೆ. 1936ರಿಂದ 68 ವರ್ಷ ಕಳೆದರೂ ಗಣಿಯವನಿಗೆ ಸಿಕ್ಕ ಪಾತ್ರ ಇಷ್ಟೇ: ದಾರಿ ತೋರಿಸು, ಸಾಯಿ.

ಇದನ್ನು ಓದುವಾಗ ನಿಮಗೆ ನಮ್ಮದೇ ಸಿನಿಮಾ ನೆನಪಾಗಿರಬೇಕು. 2018ರ 'ಕೆಜಿಎಫ್'ನಲ್ಲಿ ರಾಕೆಟ್ ಇಲ್ಲ ನಿಜ, ಆದರೆ ಹಳೇ ಕಾಲ, ಗುಲಾಮರ ಗಣಿ, ಒಬ್ಬನೇ ಬಂದು ಎಲ್ಲರನ್ನೂ ಬಿಡಿಸುವ ನಾಯಕ, ಎಲ್ಲ ಅದೇ ಅಚ್ಚು. ನರಾಚಿಯ ಜನ ಕಾಯ್ತಾರೆ, ರಾಕಿ ಬರ್ತಾನೆ, ಆಮೇಲೆ ರಾಕಿಯೇ ಒಡೆಯ. ಬೆಲ್ಸಿಡಸ್‌ನ ಸಿಂಹಾಸನ ನೆನಪಾಯ್ತಾ?

ನಿಜವಾದ ಕೆಜಿಎಫ್ ಮಾತ್ರ ಯಾವ ರೆಟ್ರೋ-ಫ್ಯೂಚರ್ ಸಿನಿಮಾಗೂ ಕಮ್ಮಿ ಇರಲಿಲ್ಲ. 1902ರಲ್ಲಿ ಶಿವನಸಮುದ್ರದ ಕರೆಂಟು ಸುಮಾರು 150 ಕಿಲೋಮೀಟರ್ ದೂರ ತಂತಿಯ ಮೇಲೆ ಅಲ್ಲಿಗೆ ಹೋಯ್ತು. ಬೆಂಗಳೂರಿಗೆ ಬಂದದ್ದು 1905ರಲ್ಲಿ. ಮೇಲೆ ಇಂಗ್ಲಿಷರ ಬಂಗಲೆ, ಕ್ಲಬ್, ದೀಪ. ಕೆಳಗೆ ಚಾಂಪಿಯನ್ ರೀಫ್ ಗಣಿ ಕೊನೆಗೆ 3 ಕಿಲೋಮೀಟರಿಗೂ ಆಳ ಇಳಿಯಿತು. ಆ ಸೆಕೆಯಲ್ಲಿ, ಬಂಡೆ ಸಿಡಿಯೋ ಭಯದಲ್ಲಿ, ಶ್ವಾಸಕೋಶಕ್ಕೆ ಕಲ್ಲಿನ ಪುಡಿ ತುಂಬಿಕೊಂಡು ದುಡಿದವರಲ್ಲಿ ಬಹುಪಾಲು ತಮಿಳು ಸೀಮೆಯಿಂದ ಬಂದ ನಮ್ಮ ಜನ, ದಲಿತರು. ವಲ್ಟನ್‌ನ ತೇಲುವ ಊರು ಕೋಲಾರ ಜಿಲ್ಲೆಯಲ್ಲೇ ಇತ್ತು!

ಆದರೆ ಅವರು ಯಾವ ರಾಕಿಗೂ ಕಾಯಲಿಲ್ಲ. ಇದೇ ನಾನು ಹೇಳಬೇಕು ಅಂದುಕೊಂಡದ್ದು. ಅಯೋತಿ ದಾಸರ ಶಾಕ್ಯ ಬೌದ್ಧ ಸಂಘದ ಶಾಖೆಯನ್ನು 20ನೇ ಶತಮಾನದ ಶುರುವಿನಲ್ಲೇ ಅಲ್ಲಿ ಕಟ್ಟಿದರು, ಮಕ್ಕಳಿಗೆ ಶಾಲೆ ಮಾಡಿದರು. 1930ರಲ್ಲಿ ಕಂಪನಿ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಿ ಅಂದಾಗ, ನಾವೇನು ಕಳ್ಳರಾ ಅಂತ ಕೆಲಸ ನಿಲ್ಲಿಸಿದರು. 1954ರಲ್ಲಿ ಬಾಬಾಸಾಹೇಬರು ಅಲ್ಲಿಗೆ ಬಂದರು. ಅಷ್ಟು ಹೊತ್ತಿಗೆ ಅಲ್ಲಿನ ಜನ ಓದೋದು, ಸಂಘಟನೆ ಮಾಡೋದು, ಹೋರಾಡೋದು ಮೂರನ್ನೂ ಮಾಡಿ ಮುಗಿಸಿದ್ದರು. 2001ರಲ್ಲಿ ಗಣಿ ಮುಚ್ಚಿತು. ಸಿನಿಮಾ ಬಂದ ಮೇಲೆ ಪ್ರಪಂಚಕ್ಕೆಲ್ಲ ಕೆಜಿಎಫ್ ಅಂದ್ರೆ ರಾಕಿ, ಈ ಜನ ಅಲ್ಲ.

ಸಾಹಸದ ಸಿನಿಮಾ ನೋಡಬೇಡಿ ಅಂತ ನಾನು ಹೇಳ್ತಿಲ್ಲ. ನಾನೂ ನೋಡ್ತೀನಿ, ಶಿಳ್ಳೆನೂ ಹೊಡೀತೀನಿ. ಆದರೆ ಹಾರುವ ಊರು ಪರದೆ ಮೇಲೆ ಬಂದಾಗ ಒಂದು ಸಲ ಕೆಳಗೆ ಬಗ್ಗಿ ನೋಡಿ. ಸಲಿಕೆ ಯಾರ ಕೈಯಲ್ಲಿದೆ? ಅವರಿಗೆ ಹೆಸರಿದೆಯಾ? ಮುಂದಿನ ವಾರ ಅವರು ಇರ್ತಾರಾ? ಕಥೆ ಬರೆಯೋ ನಮ್ಮ ಹುಡುಗ ಹುಡುಗಿಯರಿಗೂ ಇದನ್ನೇ ಕೇಳ್ಕೋತೀನಿ. ನಮ್ಮವನೊಬ್ಬನನ್ನು ಫ್ಲ್ಯಾಶ್ ಗಾರ್ಡನ್ ಮಾಡಿದರೆ ಕೆಲಸ ಮುಗಿಯಲ್ಲ. ಕುಲುಮೆಯ ಮುಂದೆ ನಿಂತವರೇ ಸೇರಿ ಸಲಿಕೆ ಕೆಳಗಿಟ್ಟ ದಿನದಿಂದ ಕಥೆ ಶುರು ಮಾಡಿ. 1930ರ ಕೆಜಿಎಫ್‌ನಲ್ಲಿ ಅದು ನಡೆದಿದೆ, ಕಲ್ಪಿಸಿಕೊಳ್ಳೋ ಅಗತ್ಯವೂ ಇಲ್ಲ.

ಕೆಜಿಎಫ್ ಕಡೆಯ ಗೆಳೆಯರು ಇದ್ದರೆ ನಿಮ್ಮ ತಾತ, ಅಜ್ಜಿ ಹೇಳಿದ ಗಣಿಯ ಕಥೆಗಳನ್ನು ಕೆಳಗೆ ಬರೆಯಿರಿ. ಒಂದೇ ಸಾಲಾದರೂ ಸರಿ.

ಜೈ ಭೀಮ್.